ಮೊದಲು ಗಾಳಿ ನಿಲ್ಲಿಸಿ ನೋಡಿ ಸ್ವಾಮಿ

ಬೇಸಿಗೆ ಶುರುವಾಯ್ತು ಅಂದರೆ ನನ್ನ ಫೋನಿಗೆ ಒಂದೇ ತರದ ವಿಡಿಯೋಗಳು ಬರುತ್ತವೆ. ಬೋರ್‌ವೆಲ್ ಲಾರಿ, ಕಿವಿ ಕಿತ್ತುಹೋಗುವ ಸದ್ದು, ತೆಂಗಿನಮರದೆತ್ತರ ಚಿಮ್ಮುತ್ತಿರುವ ಬೂದಿ ಬಣ್ಣದ ನೀರು, ಸುತ್ತ ಕೇಕೆ, ಅರಿಶಿನ ಕುಂಕುಮ ಹಿಡಿದು ನಿಂತ ಮನೆಯವರು. ಜೊತೆಗೊಂದು ಸಾಲು: ‘ಸಾರ್, ಬುಗ್ಗೆ ತರ ಉಕ್ತಿದೆ, ಹತ್ತು ಎಚ್‌ಪಿ ಮೋಟರ್ ಇಳಿಸಬಹುದಾ?’

ಅಂತರ್ಜಲ ನೋಡುವುದು ನನ್ನ ಕೆಲಸ. ನಾನು ವಾಪಸ್ ಕೇಳುವುದು ಯಾವಾಗಲೂ ಒಂದೇ. ಕಂಪ್ರೆಸರ್ ಆಫ್ ಮಾಡಿದ ಮೇಲೂ ನೀರು ಬರ್ತಿದೆಯಾ? ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಇಲ್ಲ ಸಾರ್, ಆಫ್ ಮಾಡಿದರೆ ಹೇಗೆ ಬರುತ್ತೆ?’

ಅದನ್ನೇ ಸ್ವಾಮಿ ನಾನೂ ಹೇಳ್ತಿರೋದು. ಆ ಚಿಮ್ಮುವಿಕೆ ಭೂಮಿಯದಲ್ಲ, ಲಾರಿಯದು. ರಿಗ್ಗಿನ, ಅಂದರೆ ಬೋರ್ ಕೊರೆಯುವ ಯಂತ್ರದ, ಕಂಪ್ರೆಸರ್ ರಾಡ್ ಒಳಗಿಂದ ಗಾಳಿಯನ್ನು ತಳಕ್ಕೆ ನೂಕುತ್ತದೆ. ತಳದಲ್ಲಿ ಹ್ಯಾಮರ್ ಕಲ್ಲನ್ನು ಕುಟ್ಟುವುದು ಆ ಗಾಳಿಯಿಂದ. ಕಲ್ಲಿನ ಪುಡಿಯನ್ನು ಮೇಲಕ್ಕೆ ಎಸೆಯುವುದೂ ಅದೇ ಗಾಳಿ, ನೀರು ಸಿಕ್ಕಿದರೆ ನೀರನ್ನೂ ಎಸೆಯುತ್ತದೆ. ನಮ್ಮ ಕಡೆ ಓಡಾಡುವ ರಿಗ್‌ಗಳಲ್ಲಿ ಗಾಳಿಯ ಒತ್ತಡ ಸಾಮಾನ್ಯವಾಗಿ 300 ಪಿಎಸ್‌ಐ ಆಸುಪಾಸು ಇರುತ್ತದೆ. ಅಂದರೆ ಸುಮಾರು 690 ಅಡಿ ಎತ್ತರದ ನೀರಿನ ಭಾರವನ್ನು ತಡೆದು ನಿಲ್ಲಿಸುವಷ್ಟು ಒತ್ತಡ. ಎಳನೀರಿಗೆ ಸ್ಟ್ರಾ ಹಾಕಿ ಜೋರಾಗಿ ಊದಿದರೆ ನೀರು ಮುಖಕ್ಕೇ ಹಾರುತ್ತೆ, ಹಾಗಂತ ಆ ಕಾಯಲ್ಲಿ ನೀರು ಜಾಸ್ತಿ ಇದೆ ಅಂತ ಅರ್ಥವಾ?

ಇಷ್ಟು ಹೇಳಿದ ಮೇಲೂ ‘ಆದರೂ ಸಾರ್, ಅಷ್ಟು ಎತ್ತರ ಹೋಯ್ತಲ್ಲ’ ಅನ್ನುತ್ತಾರೆ. ಇರಲಿ, ಇನ್ನೊಂದು ಲೆಕ್ಕ ನೋಡಿ. ಆರೂವರೆ ಇಂಚಿನ ಬೋರ್ ಒಂದು ಅಡಿಗೆ ಹತ್ತಿರ ಹತ್ತಿರ ಆರೂವರೆ ಲೀಟರ್ ನೀರು ಹಿಡಿಯುತ್ತದೆ. ರಾಡ್ ಜೋಡಿಸಲು ಗಾಳಿ ನಿಲ್ಲಿಸಿದಾಗ, ಊಟಕ್ಕೆ ಕೂತಾಗ, ರಾತ್ರಿ ಕೆಲಸ ನಿಂತಾಗ ಒಳಗೆ ನೀರು ಊರುತ್ತಾ ಇರುತ್ತದೆ. ಮುನ್ನೂರು ಅಡಿ ತುಂಬಿಕೊಂಡಿತು ಅಂದರೆ ಹತ್ತಿರ ಎರಡು ಸಾವಿರ ಲೀಟರ್ ಆಯ್ತು. ಮತ್ತೆ ಗಾಳಿ ಬಿಟ್ಟ ತಕ್ಷಣ ಅಷ್ಟೂ ಒಟ್ಟಿಗೆ ಮೇಲೆ ಹಾರುತ್ತೆ. ವಿಡಿಯೋ ತೆಗೆಯುವುದು ಸರಿಯಾಗಿ ಆ ಹೊತ್ತಿಗೇ! ಹತ್ತು ನಿಮಿಷ ಬಿಟ್ಟು ಯಾರೂ ತೆಗೆಯುವುದಿಲ್ಲ.

ತುಮಕೂರಿನ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹೀಗೇ ನೀರಿನ ಎತ್ತರ ನೋಡಿ ದೊಡ್ಡ ಮೋಟರ್ ಇಳಿಸಿದರು. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಬಿಟ್ಟು ಬಿಟ್ಟು ಹೊಡೆಯಲು ಶುರುವಾಯ್ತು. ಮೋಟರಿನದೇ ದೋಷ ಅಂತ ಮೆಕ್ಯಾನಿಕ್ ಜೊತೆ ಜಗಳ ಆಡಿದರು. ಒಂದು ವಾರದಲ್ಲಿ ವೈಂಡಿಂಗ್ ಸುಟ್ಟಿತು. ಮೆಕ್ಯಾನಿಕ್ ಪಾಪ, ಮೊದಲ ದಿನವೇ ಹೇಳಿದ್ದನಂತೆ, ಇದಕ್ಕೆ ಮೂರು ಎಚ್‌ಪಿಯೇ ಜಾಸ್ತಿ ಅಂತ. ಅವನ ಮಾತು ಕೇಳುವವರು ಯಾರು, ವಿಡಿಯೋ ಆಗಲೇ ನೆಂಟರಿಗೆಲ್ಲ ಹೋಗಿತ್ತಲ್ಲ.

ಹಾಗಾದರೆ ತಾನಾಗೇ ಚಿಮ್ಮುವ ನೀರು ಇಲ್ಲವೇ ಇಲ್ಲವಾ? ಇದೆ. ಅದಕ್ಕೆ ಕಾರಣ ಬೇರೆ. 2024ರ ಡಿಸೆಂಬರ್ ಕೊನೆಯಲ್ಲಿ ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಮೋಹನ್‌ಗಢದಲ್ಲಿ ಬೋರ್ ಕೊರೆಯುವಾಗ ನೀರು ಎಂಥ ರಭಸದಲ್ಲಿ ನುಗ್ಗಿತೆಂದರೆ ಲಾರಿ ಸಮೇತ ರಿಗ್ ಕುಸಿದು ಹೂತುಹೋಯಿತು. ಸರಸ್ವತಿ ನದಿ ಎದ್ದು ಬಂತು ಅಂತ ಸುದ್ದಿಯೂ ಹಬ್ಬಿತು. ಎರಡು ದಿನದಲ್ಲಿ ತಾನಾಗೇ ನಿಂತಿತು. ಅಲ್ಲಿ ಮೇಲೊಂದು ಗಟ್ಟಿ ಪದರ, ಅದರ ಅಡಿಯಲ್ಲಿ ಒತ್ತಡದಲ್ಲಿ ಸಿಕ್ಕಿಬಿದ್ದ ನೀರು. ಪದರ ತೂತಾದರೆ ನುಗ್ಗದೆ ಏನು ಮಾಡೀತು? ಐಸ್‌ಲ್ಯಾಂಡಿನ ಸ್ಟ್ರೊಕ್ಕುರ್‌ನಂಥ ಗೀಸರ್‌ನ ಕತೆಯೇ ಬೇರೆ, ಅದು ನೆಲದಡಿಯ ಕಾವಿಗೆ ನೀರು ಕುದಿದು, ಹಬೆಯಾಗಿ, ಮೇಲಿನ ನೀರನ್ನು ಕೆಲವು ನಿಮಿಷಕ್ಕೊಮ್ಮೆ ಆಕಾಶಕ್ಕೆ ಎಸೆಯುವುದು. ನಮ್ಮಲ್ಲಿ ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರ್ ತೀರ್ಥದಲ್ಲಿ ಬಿಸಿನೀರಿದೆ, ಆದರೆ ಅದು ಸುಮ್ನೆ ಮೆಲ್ಲಗೆ ಊರುತ್ತದೆ, ಚಿಮ್ಮುವುದಿಲ್ಲ.

ಬಯಲುಸೀಮೆಯ ನೆಲ ಹೆಚ್ಚಿನ ಕಡೆ ಗಟ್ಟಿ ಕಲ್ಲು. ನೀರು ಇರುವುದು ಮೇಲಿನ ಕೊಳೆತ ಕಲ್ಲಿನಲ್ಲಿ, ಕೆಳಗಿನ ಬಿರುಕುಗಳಲ್ಲಿ. ಅದನ್ನು ಹಳಬರು ಸೆಲೆ ಅಂದರು, ಒರತೆ ಅಂದರು. ಮಧುಗಿರಿ, ಪಾವಗಡದ ಕಡೆ ಹಳ್ಳದ ಮರಳಲ್ಲಿ, ಕೆರೆಯಂಗಳದಲ್ಲಿ ಬಗೆದರೆ ಸಿಗುವ ನೀರಿಗೆ ತಲಪರಿಗೆ ಅಂತಾರೆ. ದೇವರಾಯನದುರ್ಗದ ನಾಮದ ಚಿಲುಮೆಗೆ ಹೋದವರು ನೋಡಿರುತ್ತೀರಿ, ಬಂಡೆಯ ಸಣ್ಣ ಕುಳಿ, ಅದರಲ್ಲಿ ತಣ್ಣಗೆ ನೀರು. ಯಾವುದೂ ಮೇಲಕ್ಕೆ ಹಾರುವುದಿಲ್ಲ. ಚೆನ್ನಾಗಿ ಮಳೆಯಾದ ವರ್ಷ ತಗ್ಗಿನ ಜಮೀನಲ್ಲಿ, ಕೆರೆಯ ಹಿಂದೆ, ಹಳೇ ಬೋರ್‌ಗಳ ಕೇಸಿಂಗ್ ಪೈಪಿನ ಬಾಯಿಂದ ನೀರು ತಾನಾಗೇ ಹೊರಗೆ ಹರಿಯುವುದುಂಟು. ಅದು ನಿಜವಾದ ಉಕ್ಕು. ಆದರೆ ಬೇಸಿಗೆಗೂ ಇರುತ್ತೆ ಅಂತ ನಾನು ಬರೆದುಕೊಡಲಾರೆ.

ಹಾಗಾದರೆ ನೋಡಬೇಕಾದ್ದು ಏನು? ಹೊರಬಂದ ನೀರನ್ನು ಮಣ್ಣಿನ ಬದು ಕಟ್ಟಿ ಒಂದೇ ಕಾಲುವೆಗೆ ತಿರುಗಿಸಿ, ವಿ ಆಕಾರದ ಕಚ್ಚು ಇರುವ ತಗಡನ್ನು ಅಡ್ಡ ನಿಲ್ಲಿಸಿ. ಕಚ್ಚಿನ ಕೆಳತುದಿಯಿಂದ ನೀರು ಎಷ್ಟು ಇಂಚು ಮೇಲಿದೆ ಅನ್ನುವುದೇ ‘ಎರಡು ಇಂಚು ನೀರು’, ‘ಮೂರು ಇಂಚು ನೀರು’. ಇಲ್ಲೂ ಜನ ಎಡವುತ್ತಾರೆ. ತೊಂಬತ್ತು ಡಿಗ್ರಿಯ ಕಚ್ಚಿನಲ್ಲಿ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅಂದರೆ ಅದರ ಎರಡರಷ್ಟಲ್ಲ, ಹೆಚ್ಚುಕಡಿಮೆ 2,900. ಮೂರಕ್ಕೆ 8,000ದ ಹತ್ತಿರ. ಹಾಗಾಗಿ ಏಜೆಂಟ್ ಬಾಯಲ್ಲಿ ಅರ್ಧ ಇಂಚು ಜಾಸ್ತಿ ಹೇಳಿದರೆ ನಿಮ್ಮ ಲೆಕ್ಕದಲ್ಲಿ ಸಾವಿರಾರು ಲೀಟರ್ ತಪ್ಪುತ್ತೆ. ಮೊದಲ ಐದು ನಿಮಿಷದ ಅಳತೆ ಬೇಡ. ಒಂದು ಗಂಟೆಯಾದರೂ ಒಂದೇ ಸಮನೆ ಗಾಳಿ ಹೊಡೆಸಿ, ಕೊನೆಗೆ ನಿಂತ ಇಂಚನ್ನು ಬರೆದುಕೊಳ್ಳಿ. ಅದೂ ಅಂದಾಜೇ. ಒಂದು ದಿನ ಬಿಟ್ಟು ಹಗ್ಗಕ್ಕೆ ಕಲ್ಲು ಕಟ್ಟಿ ನೀರಿನ ಮಟ್ಟ ನೋಡಿ, ಬಾಡಿಗೆ ಮೋಟರ್ ಇಳಿಸಿ ಏಳೆಂಟು ಗಂಟೆ ಓಡಿಸಿ, ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಏರಿತು ನೋಡಿದರೆ ಆಗ ಏನಾದರೂ ಹೇಳಬಹುದು.

ಇದೇನು ನನ್ನ ಹೊಸ ಶಾಸ್ತ್ರವಲ್ಲ. ಬೆಳಗ್ಗೆ ಎತ್ತು ಕಟ್ಟಿ ಕಪಿಲೆ ಹೊಡೆದು ಬಾವಿ ಬರಿದು ಮಾಡಿ, ಸಂಜೆಗೆ ಎಷ್ಟು ಮೆಟ್ಟಿಲು ನೀರು ಊರಿತು ಅಂತ ಎಣಿಸುತ್ತಿದ್ದ ಅಜ್ಜಂದಿರು ಮಾಡುತ್ತಿದ್ದುದೂ ಇದನ್ನೇ.

ಒಂದು ಮಾತು. ರಿಗ್ಗಿನವರು ಒಂದು ಗಂಟೆ ಸುಮ್ನೆ ನಿಲ್ಲುವುದಿಲ್ಲ, ಅವರಿಗೆ ಡೀಸೆಲ್ ಖರ್ಚು, ಮುಂದಿನ ಊರಲ್ಲಿ ಇನ್ನೊಬ್ಬರು ಕಾಯುತ್ತಿರುತ್ತಾರೆ. ಒಂದು ಅಡಿ ಕೊರೆಯಲು ಎಷ್ಟು ಅಂತ ಮಾತಾಡುವಾಗಲೇ ಈ ಒಂದು ಗಂಟೆಯ ದುಡ್ಡನ್ನೂ ಸೇರಿಸಿ ಮಾತಾಡಿಕೊಳ್ಳಿ. ಮೋಟರ್ ಅಂಗಡಿಗೆ ಅಡ್ವಾನ್ಸ್ ಕೊಡುವುದು ಅದಾದ ಮೇಲೆ.