ಎರಡನೇ ದರ್ಜೆ ಎಂದ ಮಾತ್ರಕ್ಕೆ ಗಡ್ಡೆ ಸೌಮ್ಯವೇ?

ಬಾಗಲಕೋಟೆಯಲ್ಲಿ ಪೆಥಾಲಜಿಸ್ಟ್ ಆಗಿರುವ ನನ್ನನ್ನು ಮಿದುಳಿನ ಗಡ್ಡೆ ಇರುವವರ ಮನೆಯವರು ಮೊದಲು ಕೇಳುವುದು ದರ್ಜೆಯನ್ನು. ಒಂದರಿಂದ ನಾಲ್ಕರವರೆಗಿನ ಆ ದರ್ಜೆ ಏರಿದಷ್ಟೂ ಗಡ್ಡೆ ಉಗ್ರ, ಹಾಗಾಗಿ ‘ಎರಡನೆಯದು’ ಎಂದಾಗ ಅವರಿಗೆ ಸಮಾಧಾನವಾಗುತ್ತದೆ. ಆದರೆ ಸೂಕ್ಷ್ಮದರ್ಶಕದಲ್ಲಿ ಕಂಡ ರೂಪ ಒಂದನ್ನೇ ನೋಡಿ ಬರೆದ ದರ್ಜೆಯನ್ನು ಈಗ ಯಾರೂ ಕಣ್ಣುಮುಚ್ಚಿ ನಂಬಬಾರದು. ಆ ಗಡ್ಡೆ ತನ್ನ ವರ್ಣತಂತುಗಳ ತುದಿಯನ್ನು ಹೇಗೆ ಕಾಯ್ದುಕೊಳ್ಳುತ್ತಿದೆ ಎಂಬುದನ್ನೂ ನೋಡಬೇಕು.

ಇಳಕಲ್ ಸೀರೆಯ ಸೆರಗಿಗೆ ಕುಚ್ಚು ಕಟ್ಟದಿದ್ದರೆ ನೂಲು ಬಿಚ್ಚಿಕೊಳ್ಳುತ್ತದೆ. ವರ್ಣತಂತುವಿನ ತುದಿಗೂ ಅಂಥ ಕಟ್ಟು ಇದೆ, ಅದೇ ಟೆಲೊಮಿಯರ್. ಕೋಶ ಒಡೆದು ಎರಡಾದಾಗಲೆಲ್ಲ ಅದು ತುಸು ಸವೆಯುತ್ತದೆ. ತೀರಾ ಗಿಡ್ಡವಾದರೆ ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ. ಸವೆದದ್ದನ್ನು ತುಂಬಿಕೊಡುವ ಟೆಲೊಮರೇಸ್ ಕಿಣ್ವವನ್ನು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕ್ಯಾರಲ್ ಗ್ರೈಡರ್ 1984ರಲ್ಲಿ ಕಂಡುಹಿಡಿದರು. ನಮ್ಮ ದೇಹದ ಬಹುತೇಕ ಕೋಶಗಳಲ್ಲಿ ಅದು ಸುಮ್ಮನಿರುತ್ತದೆ. ಹೆಚ್ಚಿನ ಗಡ್ಡೆಗಳು ಅದನ್ನು ಎಬ್ಬಿಸುತ್ತವೆ.

ಎಬ್ಬಿಸುವ ಬಗೆ ಅಚ್ಚರಿ ಹುಟ್ಟಿಸುವಷ್ಟು ಸರಳ. ಟೆಲೊಮರೇಸ್‌ನ ಮುಖ್ಯ ಭಾಗವನ್ನು ತಯಾರಿಸುವ ಟರ್ಟ್ ಎಂಬ ಜೀನಿನ ಮುಂಭಾಗದಲ್ಲಿ ಸ್ವಿಚ್ಚಿನಂತಿರುವ ಪ್ರೊಮೋಟರ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದರೆ ಸಾಕು, ಜೀನ್ ಚಾಲೂ ಆಗುತ್ತದೆ. ಮಿದುಳಿನ ಅತಿ ಉಗ್ರ ಗಡ್ಡೆಯಾದ ಗ್ಲಯೋಬ್ಲಾಸ್ಟೋಮಾ ವಯಸ್ಕರಲ್ಲಿ ಬಂದಾಗ ಹೆಚ್ಚಿನವುಗಳಲ್ಲಿ ಈ ಬದಲಾವಣೆ ಇರುತ್ತದೆ. ಹಾಗೆಂದು ಇದು ಕಂಡ ಕೂಡಲೇ ಎದೆಗುಂದಬೇಕಿಲ್ಲ. ಆಲಿಗೊಡೆಂಡ್ರೊಗ್ಲಯೋಮಾ ಎಂಬ ಇನ್ನೊಂದು ಬಗೆಯ ಮಿದುಳಿನ ಗಡ್ಡೆಗಳಲ್ಲಿ ಬಹುಪಾಲಿನಲ್ಲೂ ಇದೇ ಬದಲಾವಣೆ ಇದೆ. ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಆ ಗಡ್ಡೆಯವರು ಎಷ್ಟೋ ವರ್ಷ ಬದುಕುತ್ತಾರೆ. ವ್ಯತ್ಯಾಸ ತಿಳಿಯುವುದು ಐಡಿಎಚ್ ಎಂಬ ಇನ್ನೊಂದು ಜೀನನ್ನೂ ಜೊತೆಗಿಟ್ಟು ನೋಡಿದಾಗ. ವಯಸ್ಕರಲ್ಲಿ ಹರಡಿಕೊಂಡು ಬೆಳೆಯುವ ಆಸ್ಟ್ರೋಸೈಟಿಕ್ ಗಡ್ಡೆಯಲ್ಲಿ (ಮಿದುಳಿನ ನಕ್ಷತ್ರಾಕಾರದ ಪೋಷಕ ಕೋಶಗಳನ್ನು ಹೋಲುವ ಗಡ್ಡೆ) ಐಡಿಎಚ್ ಸಹಜವಾಗಿದ್ದು ಟರ್ಟ್ ಬದಲಾಗಿದ್ದರೆ, ಕಣ್ಣಿಗೆ ಅದು ಎಷ್ಟೇ ಸೌಮ್ಯವಾಗಿ ಕಂಡರೂ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ ಅದು ಗ್ಲಯೋಬ್ಲಾಸ್ಟೋಮಾ, ನಾಲ್ಕನೇ ದರ್ಜೆ. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾದಲ್ಲಿ ಟರ್ಟ್ ಬದಲಾವಣೆ ಸಿಕ್ಕರೆ ಅದು ಮೂರನೇ ದರ್ಜೆ.

ಕೆಲವು ಗಡ್ಡೆಗಳು ಟೆಲೊಮರೇಸ್‌ನ ಗೊಡವೆಗೇ ಹೋಗುವುದಿಲ್ಲ. ಮತ್ತೊಂದು ವರ್ಣತಂತುವಿನ ತುದಿಯನ್ನೇ ಅಚ್ಚಾಗಿಟ್ಟುಕೊಂಡು ತಮ್ಮ ತುದಿಯನ್ನು ಉದ್ದ ಮಾಡಿಕೊಳ್ಳುತ್ತವೆ. ಐಡಿಎಚ್ ಬದಲಾದ ಆಸ್ಟ್ರೋಸೈಟೋಮಾಗಳ ದಾರಿ ಹೆಚ್ಚಾಗಿ ಇದೇ, ಅವುಗಳಲ್ಲಿ ಎಟಿಆರ್‌ಎಕ್ಸ್ ಎಂಬ ಪ್ರೋಟೀನ್ ಕಳೆದುಹೋಗಿರುತ್ತದೆ. ಅದರ ಬಣ್ಣದ ಪರೀಕ್ಷೆ ನನಗೆ ಬಹಳ ಪ್ರಿಯ. ಗಡ್ಡೆಯ ಕೋಶಕೇಂದ್ರಗಳು ಬಣ್ಣ ಹಿಡಿಯದೆ, ಪಕ್ಕದ ರಕ್ತನಾಳದ ಸಹಜ ಕೋಶಕೇಂದ್ರಗಳು ಕಂದು ಬಣ್ಣದಲ್ಲಿ ಕಂಡರೆ ಪ್ರೋಟೀನ್ ನಿಜಕ್ಕೂ ಕಳೆದಿದೆ ಎಂದರ್ಥ. ಎರಡೂ ಖಾಲಿಯಿದ್ದರೆ ಪರೀಕ್ಷೆಯೇ ಕೆಟ್ಟಿದೆ; ಮತ್ತೆ ಮಾಡಬೇಕು.

ಟೆಲೊಮರೇಸನ್ನೇ ತಡೆಯುವ ಔಷಧಿ ಇಲ್ಲವೇ ಎಂದು ಓದಿಕೊಂಡವರು ಕೇಳುತ್ತಾರೆ. ಇಮೆಟೆಲ್‌ಸ್ಟಾಟ್ ಇದೆ, 2024ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು ರಕ್ತದ ಒಂದು ಕಾಯಿಲೆಗೆ. ಮಿದುಳಿನ ಗಡ್ಡೆ ಮರುಕಳಿಸಿದ ಮಕ್ಕಳಲ್ಲಿ ನಡೆದ ಪ್ರಯೋಗವನ್ನು ಗಡ್ಡೆಯೊಳಗೆ ರಕ್ತಸ್ರಾವವಾದ ಕಾರಣ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸದ್ಯಕ್ಕೆ ಈ ಜ್ಞಾನದ ಪ್ರಯೋಜನ ರೋಗವನ್ನು ಸರಿಯಾಗಿ ಗುರುತಿಸುವುದರಲ್ಲಿದೆ.

ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನವೇ ತೆಗೆದ ಗಡ್ಡೆಯ ತುಂಡು ಕೆಡದಂತೆ ಕಾಯುವ ಫಾರ್ಮಲಿನ್ ದ್ರವಕ್ಕೆ ಬಿದ್ದಿದೆಯೇ ಎಂದು ಕೇಳಿ. ಸಲೈನ್‌ನಲ್ಲಿ ಬಿಟ್ಟ ತುಂಡು ಕೊಳೆಯುತ್ತದೆ. ವರದಿಯಲ್ಲಿ ಐಡಿಎಚ್, ಎಟಿಆರ್‌ಎಕ್ಸ್ ಫಲಿತಾಂಶ ಇದೆಯೇ ನೋಡಿ, ಟರ್ಟ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ವಿಚಾರಿಸಿ. ಆ ಪರೀಕ್ಷೆಗೆ ಹೊಸದಾಗಿ ತಲೆ ತೆರೆಯಬೇಕಿಲ್ಲ, ಗಡ್ಡೆಯ ತುಂಡನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಸಾಕು. ಬೆಂಗಳೂರಿಗೋ ಮುಂಬೈಗೋ ಅದನ್ನು ಒಯ್ಯುವಾಗ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.