ಅಟ್ಟದ ಮೇಲಿನ ಕತ್ತಿ ಯುದ್ಧದ್ದೋ, ತೋಟದ್ದೋ?

ನಮ್ಮ ತೀರ್ಥಹಳ್ಳಿ ಕಡೆ ಅಟ್ಟ ಹತ್ತಿದರೆ ಒಂದಾದರೂ ಹಳೇ ಕತ್ತಿ ಸಿಗುತ್ತದೆ. "ನಗರದ ದಂಗೆ ಕಾಲದ್ದು ಮಾರಾಯ" ಅನ್ನುತ್ತಾರೆ ಮನೆಯವರು. ಕೆಳಗಿಳಿಸಿ ನೋಡಿದರೆ ಬಹುಪಾಲು ಸೊಪ್ಪು ಕಡಿಯುವ ಕತ್ತಿ! 19ನೇ ಶತಮಾನದ ಸೈನಿಕರ ಕತ್ತಿ ಹುಡುಕುವ ಹುಚ್ಚು ಹತ್ತಿದವನಿಗೆ ಇಂಥ ನಿರಾಸೆ ಮಾಮೂಲಿ.

ಹಾಗಂತ ಇಲ್ಲಿ ಆಯುಧಗಳೇ ಇರಲಿಲ್ಲ ಅಂತಲ್ಲ. 2018ರಲ್ಲಿ ಹೊಸನಗರ ತಾಲೂಕಿನ ನಗರ ಅನ್ನುವ ಊರಲ್ಲಿ ಒಂದು ಹಾಳುಬಾವಿಯ ಕೆಸರು ತೆಗೆದಾಗ ಹೈದರ್-ಟಿಪ್ಪು ಕಾಲದ ಸಾವಿರಕ್ಕೂ ಜಾಸ್ತಿ ಕಬ್ಬಿಣದ ರಾಕೆಟ್ ಸಿಕ್ಕವು. 1830-31ರ ನಗರದ ದಂಗೆಯಲ್ಲಿ ಮೈಸೂರು ಅರಸರ ಆಡಳಿತದ ವಿರುದ್ಧ ರೈತರೇ ಎದ್ದು ನಿಂತಿದ್ದರು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತ ಕಿತ್ತುಕೊಂಡರು. ಮತ್ತೆ ಒಡೆಯರ ಕೈಗೆ ಬಂದದ್ದು 1881ರಲ್ಲಿ.

ಈ ನಡುವೆಯೇ ಕತ್ತಿಗಳ ಹಣೆಬರಹ ಬದಲಾಯಿತು. 1857ರ ಬಂಡಾಯದ ನಂತರ ಜನರಿಂದ ಆಯುಧ ಕಸಿಯುವ ಕಾನೂನು ಬಂತು, 1878ರ ಆಯುಧ ಕಾಯ್ದೆ ಅದನ್ನು ಇನ್ನಷ್ಟು ಬಿಗಿ ಮಾಡಿತು. ಆದರೆ ಪಕ್ಕದ ಕೊಡಗಿನವರಿಗೆ 1861ರಲ್ಲೇ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟಿದ್ದ. ಅಲ್ಲಿನ ಮನೆಗಳಲ್ಲಿ ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಪೀಚೆಕತ್ತಿ, ಬೆನ್ನಿಗೆ ಹಿತ್ತಾಳೆ ಕೊಕ್ಕೆಯಲ್ಲಿ ಸಿಕ್ಕಿಸುವ ಅಗಲವಾದ ಒಡಿಕತ್ತಿ ಇವತ್ತಿಗೂ ಉಳಿದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ಒಡಿಕತ್ತಿಯ ಮುಂದಕ್ಕೆ ಬಾಗಿದ ಅಲಗು ನೋಡಿದರೆ ನಮ್ಮ ಸೊಂಟದ ಕೊಕ್ಕೆಯ ಕತ್ತಿಗೆ ಅಣ್ಣನ ಹಾಗೇ ಇದೆ, ಅಲ್ವಾ? ಯುದ್ಧದ್ದು ಯಾವುದು, ತೋಟದ್ದು ಯಾವುದು ಅಂತ ಗೆರೆ ಎಳೆಯುವುದೇ ಕಷ್ಟ.

ಬ್ರಿಟಿಷ್ ಸೇನೆಯದ್ದಾದರೆ ಗುರುತು ಸುಲಭ. 1888ರ ಮಾದರಿಯ ಬಯೋನೆಟ್ಟಿಗೆ (ಬಂದೂಕಿನ ಮೂತಿಗೆ ಸಿಕ್ಕಿಸುವ ಕತ್ತಿ) ಸುಮಾರು 12 ಇಂಚಿನ, ಎರಡೂ ಕಡೆ ಹರಿತವಾದ ಅಲಗು. ಬುಡದಲ್ಲಿ ಕಿರೀಟ, ಅದರ ಕೆಳಗೆ ವಿಕ್ಟೋರಿಯಾ ರಾಣಿಯ ವಿ.ಆರ್. ಅಕ್ಷರ, ಸರ್ಕಾರಿ ಸ್ವತ್ತು ಅನ್ನುವುದಕ್ಕೆ ಬಾಣದ ಮುದ್ರೆ. ಎರಡು ಬಾಣ ಮೂತಿಗೆ ಮೂತಿ ಕೊಟ್ಟಿದ್ದರೆ ಸೇನೆ ಅದನ್ನು ಮಾರಿ ಕೈತೊಳೆದುಕೊಂಡಿದೆ ಅಂತರ್ಥ. ನನಗೊಬ್ಬ ವ್ಯಾಪಾರಿ ವಿ.ಆರ್. ಜೊತೆ 1912 ಅಂತ ಕೊರೆದಿದ್ದ ಒಂದನ್ನು ದಾಟಿಸಿದ. ರಾಣಿ ತೀರಿಕೊಂಡದ್ದು 1901ರಲ್ಲಿ ಅನ್ನುವುದು ನನಗೆ ಹೊಳೆದದ್ದು ದುಡ್ಡು ಕೊಟ್ಟು ಮನೆಗೆ ಬಂದು ಕಾಫಿ ಕುಡಿಯುವಾಗ.

ಈಗಿನ ಕಾನೂನೂ ತಿಳಿದಿರಬೇಕು. ಮನೆಗೆಲಸಕ್ಕೆ, ಕೃಷಿಗೆ ಅಂತ ಮಾಡಿದವನ್ನು ಬಿಟ್ಟರೆ, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತದೆ. ನೂರು ವರ್ಷ ದಾಟಿದ್ದು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವ ಹಾಗಿಲ್ಲ. ಕೊಳ್ಳುವ ಮೊದಲು ವಕೀಲರನ್ನೊಮ್ಮೆ ಕೇಳಿ.

ಆದರೆ ನಿಜ ಹೇಳಬೇಕಂದ್ರೆ, ಉಳಿದ ನಾಲ್ಕು ಕತ್ತಿಗಳನ್ನು ಹಾಳು ಮಾಡುತ್ತಿರುವವರು ನಾವೇ. ಪ್ರತಿ ಆಯುಧಪೂಜೆಗೆ ಉಪ್ಪುಕಾಗದ ಹಿಡಿದು ಗಸಗಸ ಉಜ್ಜುತ್ತೇವೆ. ಹೊಳಪು ಬರುತ್ತದೆ, ಮುದ್ರೆ ಹೋಗುತ್ತದೆ. ಮಳೆಗಾಲದಲ್ಲಿ ಚರ್ಮದ ಒರೆಯಲ್ಲೇ ಬಿಟ್ಟರೆ ಅದು ತೇವ ಹಿಡಿದು ಒಳಗೊಳಗೇ ತುಕ್ಕು. ಒರೆಯಿಂದ ತೆಗೆದು, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ತೆಳ್ಳಗೆ ಸವರಿಟ್ಟರೆ ಸಾಕು. ಪೂಜೆಗೆ ಅರಿಶಿನ-ಕುಂಕುಮ ಹಿಡಿಗೆ ಇಡಿ, ಅಲಗಿಗೆ ಬೇಡ.