ತೆಳು ಪದರದ ಸೋಲಾರ್: ಬಿಸಿಲಿಗಿಂತ ತೇವದ ಚಿಂತೆ ಜಾಸ್ತಿ

ಕೆಲವು ವರ್ಷದ ಹಿಂದೆ ಒಂದು ಅಕ್ಕಿ ಗಿರಣಿಯ ಚಾವಣಿ ಹತ್ತಿದ್ದೆ. ಹಳೆಯ ಸೋಲಾರ್ ಪ್ಯಾನೆಲ್‌ಗಳು, ಕರೆಂಟ್ ಕಡಿಮೆ ಬರ್ತಿದೆ ಅನ್ನುವ ದೂರು. ದೂರದಿಂದ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಬಗ್ಗಿ ನೋಡಿದಾಗ ಫ್ರೇಮಿನ ಅಂಚಿನುದ್ದಕ್ಕೂ ಬೂಷ್ಟು ಹಿಡಿದ ಹಾಗೆ ಬಿಳಿ ಮಚ್ಚೆ. ಒರೆಸಿದೆ, ಹೋಗಲಿಲ್ಲ. ಮಚ್ಚೆ ಇದ್ದದ್ದು ಗಾಜಿನ ಒಳಗೆ.

ಅವು ಅಮಾರ್ಫಸ್ ಸಿಲಿಕಾನ್ ಪ್ಯಾನೆಲ್‌ಗಳು. ಕ್ಯಾಲ್ಕ್ಯುಲೇಟರ್ ಮೇಲೆ ಕಂದು ಪಟ್ಟಿ ಇರುತ್ತದಲ್ವಾ, ಅದೇ ಜಾತಿ. ಗಾಜಿಗೆ ಮೊದಲು ಕರೆಂಟ್ ಹರಿಯುವ ಪಾರದರ್ಶಕ ಲೇಪ ಹಚ್ಚಿ, ಅದರ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಪದರ ಕೂರಿಸುತ್ತಾರೆ. ಇಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದ ಇನ್‌ವರ್ಟರ್ ಹಾಕಿದ್ದರು, ನೆಗೆಟಿವ್ ತುದಿಗೆ ಅರ್ಥಿಂಗ್ ಕೊಟ್ಟಿರಲಿಲ್ಲ. ವೋಲ್ಟೇಜಿನ ಸೆಳೆತಕ್ಕೆ ಗಾಜಿನಲ್ಲಿದ್ದ ಸೋಡಿಯಂ ಲೇಪದ ಕಡೆ ಸರಿದಿತ್ತು. ಅಂಚಿನಿಂದ ತೇವವೂ ನುಗ್ಗಿತ್ತು. ಎರಡೂ ಸೇರಿ ಲೇಪವನ್ನು ತಿಂದುಹಾಕಿದ್ದವು. ಇದಕ್ಕೆ ರಿಪೇರಿ ಇಲ್ಲ.

ಆಮೇಲೆ ತೆಳು ಪದರದ ಲೋಕ ತುಂಬ ಮುಂದೆ ಬಂದಿದೆ. ಇವತ್ತು ದೊಡ್ಡ ಪ್ರಮಾಣದಲ್ಲಿ ಗೆದ್ದಿರುವುದು ಕ್ಯಾಡ್ಮಿಯಂ ಟೆಲ್ಯುರೈಡ್ ಅನ್ನುವ ವಸ್ತುವಿನ ಪದರ. ಸಾಮಾನ್ಯ ಪ್ಯಾನೆಲ್‌ಗಳ ಸಿಲಿಕಾನ್ ಬಿಲ್ಲೆ ಸುಮಾರು 150 ಮೈಕ್ರಾನ್ ದಪ್ಪ ಇದ್ದರೆ, ಇದಕ್ಕೆ ಎರಡು ಮೂರು ಮೈಕ್ರಾನ್ ಸಾಕು. ಒಂದೇ ಕಾರ್ಖಾನೆಯಲ್ಲಿ ಈ ಕಡೆ ಗಾಜು ಹಾಕಿದರೆ ಕೆಲವೇ ಗಂಟೆಗಳಲ್ಲಿ ಆ ಕಡೆ ಪ್ಯಾನೆಲ್. ಚೆನ್ನೈ ಹತ್ತಿರ ಫಸ್ಟ್ ಸೋಲಾರ್ ಕಂಪನಿಯ ಇಂಥ ಕಾರ್ಖಾನೆ 2024ರಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 3.3 ಗಿಗಾವ್ಯಾಟ್ ಸಾಮರ್ಥ್ಯ. ಬಿಸಿಯೇರಿದರೂ ಇದರ ಉತ್ಪಾದನೆ ಹಳೆಯ ಸಿಲಿಕಾನ್‌ನಷ್ಟು ಕುಸಿಯುವುದಿಲ್ಲ. ಆದರೆ ಹೊಸ ಸಿಲಿಕಾನ್ ಪ್ಯಾನೆಲ್‌ಗಳೂ ಈ ವಿಷಯದಲ್ಲಿ ಸುಧಾರಿಸಿವೆ, ಅದನ್ನು ಒಪ್ಪಬೇಕು. ಇದಕ್ಕೆ ಬೇಕಾದ ಟೆಲ್ಯುರಿಯಂ ಮಾತ್ರ ಅಪರೂಪದ ವಸ್ತು. ತಾಮ್ರ ಶುದ್ಧ ಮಾಡುವಾಗ ತಳದಲ್ಲಿ ಉಳಿಯುವ ಗಷ್ಟಿನಿಂದ ಮುಖ್ಯವಾಗಿ ಸಿಗುತ್ತದೆ. ಬೇಕೆಂದಾಗ ಜಾಸ್ತಿ ತೆಗೆಯೋಣ ಅಂದರೆ ಆಗದು.

ಈಗ ಎಲ್ಲರೂ ಕೇಳುವುದು ಪೆರೊವ್‌ಸ್ಕೈಟ್ ಅನ್ನುವ ಇನ್ನೊಂದು ತೆಳು ಪದರದ ವಸ್ತುವಿನ ಬಗ್ಗೆ. 2009ರಲ್ಲಿ ಜಪಾನಿನ ವಿಜ್ಞಾನಿ ಮಿಯಾಸಾಕಾ ಅವರ ತಂಡ ಇದರಿಂದ ಮಾಡಿದ ಸೋಲಾರ್ ಕೋಶ ಬೆಳಕಿನ ಶೇ. 3.8ರಷ್ಟನ್ನು ಮಾತ್ರ ಕರೆಂಟ್ ಮಾಡುತ್ತಿತ್ತು. ಇವತ್ತು ಪುಟ್ಟ ಕೋಶಗಳಲ್ಲಿ ಅದು ಶೇ. 26 ದಾಟಿದೆ. ಸಿಲಿಕಾನ್ ಮೇಲೆ ಪೆರೊವ್‌ಸ್ಕೈಟ್ ಪದರ ಹಾಕಿದ ಜೋಡಿ ಕೋಶ 2024ರಲ್ಲಿ ಶೇ. 34.6 ಮುಟ್ಟಿತು. ಸಿಲಿಕಾನ್ ಒಂದೇ ಆದರೆ ಶೇ. 29.4ರ ಮೇಲೆ ಹೋಗಲು ಪ್ರಕೃತಿಯೇ ಬಿಡುವುದಿಲ್ಲ. ಈ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ಆದರೆ ಆ ಬಿಳಿ ಮಚ್ಚೆ ನನಗೆ ಮರೆತಿಲ್ಲ. ಪೆರೊವ್‌ಸ್ಕೈಟ್ ಉಪ್ಪಿನಂಥ ಹರಳು. ತೇವ ತಾಗಿದರೆ ಕೆಡುತ್ತದೆ. ಅದರಲ್ಲಿರುವ ಸೀಸ, ಗಾಜು ಒಡೆದರೆ ಮಳೆನೀರಿನ ಜೊತೆ ಮಣ್ಣಿಗೆ ಇಳಿಯಬಹುದು. ಹಾಗಾಗಿ ಅಂಚಿನ ಸೀಲ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದನ್ನೇ ನಾನು ಮೊದಲು ಕೇಳುತ್ತೇನೆ. ಪ್ಯಾನೆಲ್‌ಗಳಿಗೆ 85 ಡಿಗ್ರಿ ಶಾಖ, ಶೇ. 85 ತೇವದಲ್ಲಿ 1000 ಗಂಟೆ ಇಡುವ ಪರೀಕ್ಷೆ ಇದೆ. ಅದು ಕತ್ತಲಲ್ಲಿ ನಡೆಯುತ್ತದೆ. ಚಾವಣಿಯ ಮೇಲೆ ಬಿಸಿಲು, ಶಾಖ, ತೇವ ಮೂರೂ ಒಟ್ಟಿಗೆ ಬರುತ್ತವೆ. ಪೆರೊವ್‌ಸ್ಕೈಟ್‌ಗೆ ಕಷ್ಟವಾಗುವುದು ಈ ಮೂರೂ ಸೇರಿದಾಗಲೇ.

'ಅದು ಬರೋವರೆಗೂ ಕಾಯ್ಲಾ ಸಾರ್?' ಅಂತ ಮನೆಗೆ ಸೋಲಾರ್ ಹಾಕಿಸುವವರು ಕೇಳುತ್ತಾರೆ. ಬೇಡ, ಈಗಲೇ ಸಿಲಿಕಾನ್ ಹಾಕಿಸಿ ಅನ್ನುತ್ತೇನೆ. ಮಂಗಳೂರಿನ ಚಾವಣಿಯೊಂದರಲ್ಲಿ ಪೆರೊವ್‌ಸ್ಕೈಟ್ ಹತ್ತು ಮಳೆಗಾಲ ಕಳೆದ ಲೆಕ್ಕ ಕೈಗೆ ಸಿಕ್ಕ ದಿನ ಈ ಉತ್ತರ ಬದಲಿಸುತ್ತೇನೆ.